ಕೀ ಕೈಯಲ್ಲೇ ಇದೆ, ಕಾರು ಮಾತ್ರ ಒಪ್ಪುತ್ತಿಲ್ಲ: ಇಮೊಬಿಲೈಸರ್ ಕೈಕೊಟ್ಟಾಗ ಏನು ಮಾಡಬೇಕು?

ಶಿರಾ ದಾಟಿದ ಮೇಲೆ ಹೆದ್ದಾರಿ ಬದಿಯಲ್ಲಿ ಕಾಫಿಗೆ ನಿಲ್ಲಿಸಿದ್ದೆವು. ಹತ್ತು ನಿಮಿಷ ಬಿಟ್ಟು ಬಂದು ಕೀ ತಿರುಗಿಸಿದರೆ ಎಂಜಿನ್ ಚೆನ್ನಾಗಿಯೇ ಸ್ಟಾರ್ಟ್ ಆಯಿತು. ಎರಡೇ ಸೆಕೆಂಡಿಗೆ ಆರಿಹೋಯಿತು. ಮತ್ತೆ ತಿರುಗಿಸಿದೆ, ಮತ್ತೆ ಅದೇ ಕಥೆ. ಹೋಟೆಲಿನ ಹುಡುಗರು ನಾಲ್ಕು ಜನ ಕೈ ಒರೆಸಿಕೊಂಡು ಬಂದರು. "ಸೆಕೆಂಡ್ ಗೇರಿಗೆ ಹಾಕಿ ಅಣ್ಣಾ, ತಳ್ಳಿದ್ರೆ ಆಗುತ್ತೆ" ಎಂದರು. ಪಾಪ, ಆ ಬಿಸಿಲಲ್ಲಿ ಪಕ್ಕದ ಪೆಟ್ರೋಲ್ ಬಂಕಿನವರೆಗೂ ತಳ್ಳಿದರು. ಕಾರು ಒಂದೆರಡು ಸಲ ಕೆಮ್ಮಿ ಸುಮ್ಮನಾಯಿತು. ಮೀಟರ್ ಪಕ್ಕದಲ್ಲಿ ಕೀ ಚಿತ್ರವಿದ್ದ ಒಂದು ಪುಟ್ಟ ದೀಪ ಮಾತ್ರ ಪಕಪಕ ಮಿನುಗುತ್ತಿತ್ತು. ಐದು ವರ್ಷ ಆ ಕಾರು ಓಡಿಸಿದ್ದರೂ ಅಂಥದ್ದೊಂದು ದೀಪ ಇದೆ ಅಂತ ನಾನು ನೋಡಿರಲೇ ಇಲ್ಲ.

ಅವತ್ತು ಆ ದೀಪದ ಅರ್ಥ ಗೊತ್ತಿದ್ದರೆ ಹುಡುಗರ ಬೆವರು ಉಳಿಯುತ್ತಿತ್ತು, ನನ್ನ ಅರ್ಧ ದಿನವೂ ಉಳಿಯುತ್ತಿತ್ತು. ಕಾರು ಕೆಟ್ಟಿರಲಿಲ್ಲ. ಕಾರು ನನ್ನನ್ನು ಕಳ್ಳ ಅಂದುಕೊಂಡಿತ್ತು, ಅಷ್ಟೇ.

ಕಂಪನಿಯಿಂದಲೇ ಬರುವ, ಇಮೊಬಿಲೈಸರ್ ಎಂಬ ಈ ಕಳ್ಳತನ ತಡೆ ವ್ಯವಸ್ಥೆ ತಪ್ಪು ಮಾಡಿದಾಗ ಎಲ್ಲಿಂದ ಹುಡುಕಬೇಕು, ಯಾವುದನ್ನು ನಾವೇ ನೋಡಬಹುದು, ಯಾವುದಕ್ಕೆ ಕೈ ಹಾಕಬಾರದು ಎಂದು ಇಲ್ಲಿ ಬರೆದಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಈ ಒಂದು ವಿಷಯದಲ್ಲಿ ಪೆಟ್ಟು ತಿಂದು ಕಲಿತಿದ್ದೇನೆ.

ಮೊದಲು, ಒಳಗೆ ಏನು ನಡೆಯುತ್ತದೆ?

"ಆಂಟಿ ಥೆಫ್ಟ್" ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದು ನಿಜವಾಗಿ ನಾಲ್ಕು ಬೇರೆ ಬೇರೆ ವಸ್ತು. ಬಾಗಿಲು ಹಾಕುವ ಸೆಂಟ್ರಲ್ ಲಾಕ್ ಒಂದು. ಕೂಗುವ ಅಲಾರಂ ಇನ್ನೊಂದು. ಸ್ಟೇರಿಂಗ್ ಹಿಡಿದು ನಿಲ್ಲಿಸುವ ಲಾಕ್ ಮೂರನೆಯದು. ನಾಲ್ಕನೆಯದೇ ಇಮೊಬಿಲೈಸರ್. ಎಂಜಿನ್‌ಗೆ ಪೆಟ್ರೋಲ್, ಡೀಸೆಲ್ ಅಥವಾ ಕಿಡಿ ಸಿಗದಂತೆ ಮಾಡುವುದು ಇದೊಂದೇ. ಕೆಲವು ಕಾರುಗಳಲ್ಲಿ ಸೆಲ್ಫ್ ಮೋಟಾರನ್ನೂ ಇದೇ ತಡೆಯುತ್ತದೆ.

ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಇಲ್ಲ. ನಮ್ಮ ಮೆಟ್ರೊ ಕಾರ್ಡಿನಲ್ಲಿ ಬ್ಯಾಟರಿ ಇದೆಯಾ? ಇಲ್ಲ, ಗೇಟಿಗೆ ತೋರಿಸಿದರೆ ಗೇಟೇ ಅದಕ್ಕೆ ಶಕ್ತಿ ಕೊಟ್ಟು ನಂಬರ್ ಓದಿಕೊಳ್ಳುತ್ತದೆ. ಇಲ್ಲೂ ಹಾಗೆಯೇ. ಕೀ ತೂರಿಸುವ ತೂತಿನ ಸುತ್ತ ತಾಮ್ರದ ತಂತಿಯ ಒಂದು ಉಂಗುರ ಇದೆ, ಅದನ್ನು ಕಾಯಿಲ್ ಅನ್ನುತ್ತಾರೆ. ಕೀ ಆನ್ ಮಾಡಿದ ತಕ್ಷಣ ಕಾಯಿಲ್ ಚಿಪ್ಪನ್ನು ಎಬ್ಬಿಸುತ್ತದೆ, ಚಿಪ್ ತನ್ನ ಗುರುತು ಹೇಳುತ್ತದೆ, ಕಾರಿನ ಕಂಪ್ಯೂಟರ್ ಆದ ಇಸಿಯು ಅದನ್ನು ತನ್ನ ಪಟ್ಟಿಯೊಂದಿಗೆ ಹೋಲಿಸುತ್ತದೆ. ಸರಿ ಇದ್ದರೆ ಎಂಜಿನ್ ಓಡುತ್ತದೆ. ಇಲ್ಲದಿದ್ದರೆ ಇಂಧನ ನಿಲ್ಲುತ್ತದೆ. ಇದೆಲ್ಲ ನಡೆಯುವುದು ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನಲ್ಲಿ, ನಾಲ್ಕಾರು ಸೆಂಟಿಮೀಟರ್ ಅಂತರದೊಳಗೆ.

ತಳ್ಳಿದರೆ ಯಾಕೆ ಪ್ರಯೋಜನವಿಲ್ಲ ಅನ್ನುವುದು ಈಗ ತಿಳಿಯಿತಲ್ಲ? ತಳ್ಳುವುದರಿಂದ ಸೆಲ್ಫ್ ಮಾಡುವ ಕೆಲಸ ಆಗುತ್ತದೆ. ಇಸಿಯು ಇಂಧನ ಬಿಡದಿದ್ದರೆ ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ತಳ್ಳಿದರೂ ಅಷ್ಟೇ.

ಈ ಐಡಿಯಾ ಹಳೆಯದು. 1986ರ ಷೆವರ್ಲೆ ಕಾರ್ವೆಟ್‌ನಲ್ಲಿ ಜನರಲ್ ಮೋಟರ್ಸ್‌ನವರು ಕೀಯಲ್ಲಿ ಒಂದು ಸಣ್ಣ ರೆಸಿಸ್ಟರ್ (ವಿದ್ಯುತ್ ಹರಿವನ್ನು ತಡೆಯುವ ಭಾಗ) ಕೂರಿಸಿದ್ದರು. ಅದರಲ್ಲಿ ಒಟ್ಟು 15 ಬಗೆಯ ಅಳತೆಗಳಷ್ಟೇ ಇದ್ದವು, ಆದರೂ ಆಗಿನ ಕಳ್ಳರಿಗೆ ಅದೇ ಜಾಸ್ತಿಯಾಗಿತ್ತು. ಯುರೋಪ್ ಒಕ್ಕೂಟದಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯವಾಯಿತು. ನಮ್ಮಲ್ಲೂ ಈಗ ಚಿಕ್ಕ ಹ್ಯಾಚ್‌ಬ್ಯಾಕ್‌ನಲ್ಲೂ ಇದು ಇರುತ್ತದೆ.

ಹಂತ 1: ದೀಪ ನೋಡಿ

ಕೀ ಅಥವಾ ಬೀಗದ ಚಿತ್ರ, ಇಲ್ಲವೇ ಕಾರಿನ ಮೇಲೆ ಕೀ ಇಟ್ಟಂಥ ಚಿತ್ರ ಇರುವ ದೀಪ ಹುಡುಕಿ. ಕಾರು ಲಾಕ್ ಮಾಡಿ ಹೋದ ಮೇಲೆ ಒಂದು ಕೆಂಪು ಚುಕ್ಕಿ ನಿಧಾನಕ್ಕೆ ಮಿನುಗುತ್ತಿದ್ದರೆ ಅದು ಕಾವಲು ಕಾಯುತ್ತಿದೆ ಎಂದರ್ಥ, ಗಾಬರಿ ಬೇಡ. ಕೀ ಆನ್ ಮಾಡಿದಾಗ ಒಂದೆರಡು ಸೆಕೆಂಡ್ ಬೆಳಗಿ ಆರಿದರೂ ಸರಿ, ಗುರುತು ಸಿಕ್ಕಿದೆ. ಕೀ ಆನ್ ಇರುವಾಗ ಆರದೆ ಉಳಿದರೆ ಅಥವಾ ಬೇಗಬೇಗ ಮಿನುಗಿದರೆ ಮಾತ್ರ ತೊಂದರೆ ಇಮೊಬಿಲೈಸರ್ ಕಡೆಯದು. ಇದು ಒಂದೊಂದು ಮಾಡೆಲ್‌ಗೆ ಸ್ವಲ್ಪ ಬೇರೆ. ಗ್ಲವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿರುವ ಓನರ್ಸ್ ಮ್ಯಾನುಯಲ್ ಇದೆ ಅಲ್ವಾ, ಅದರಲ್ಲಿ ನಿಮ್ಮ ಕಾರಿನ ದೀಪದ ಅರ್ಥ ಒಂದು ಪುಟದಲ್ಲಿ ಸಿಗುತ್ತದೆ. ಮೊಬೈಲಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಳ್ಳಿ.

ದೀಪ ಮಿನುಗುವುದನ್ನು ಒಂದು ಚಿಕ್ಕ ವಿಡಿಯೊ ಮಾಡಿ. ವರ್ಕ್‌ಶಾಪ್‌ಗೆ ಹೋದಾಗ ಕಾರು ಜಾಣ ಮಗುವಿನಂತೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆಗ ವಿಡಿಯೊ ಇಲ್ಲದಿದ್ದರೆ ನಿಮ್ಮ ಮಾತು ಯಾರೂ ನಂಬುವುದಿಲ್ಲ.

ಹಂತ 2: ಸದ್ದು ಕೇಳಿ

ಸೆಲ್ಫ್ ಹೊಡೆದಾಗ ಬರೇ ಟಿಕ್ ಟಿಕ್ ಅಂದರೆ ಬ್ಯಾಟರಿ ಅಥವಾ ಟರ್ಮಿನಲ್. ಸೆಲ್ಫ್ ಜೋರಾಗಿ ತಿರುಗುತ್ತಿದೆ, ಕೀ ದೀಪವೂ ಆರಿದೆ, ಆದರೂ ಸ್ಟಾರ್ಟ್ ಇಲ್ಲ ಎಂದರೆ ಫ್ಯುಯೆಲ್ ಪಂಪ್ ಇತ್ಯಾದಿ ನೋಡಬೇಕು, ಇಮೊಬಿಲೈಸರ್ ಪಾಪದ್ದು. ಸ್ಟಾರ್ಟ್ ಆಗಿ ಎರಡು ಸೆಕೆಂಡಿಗೆ ಆರುತ್ತಿದೆ, ದೀಪ ಮಿನುಗುತ್ತಿದೆ ಎಂದರೆ ಬಹುತೇಕ ಅದೇ. ಏನೂ ಸದ್ದಿಲ್ಲ, ಹೆಡ್‌ಲೈಟ್ ಮಾತ್ರ ಪ್ರಖರವಾಗಿದೆ ಎಂದಾದರೆ ಮೊದಲು ಕ್ಲಚ್ ಪೂರ್ತಿ ಒತ್ತಿ ನೋಡಿ. ಆಟೊಮ್ಯಾಟಿಕ್ ಆದರೆ ಬ್ರೇಕ್ ಒತ್ತಿ, ಗೇರ್ ಪಿ ಅಥವಾ ಎನ್‌ನಲ್ಲಿ ಇದೆಯೇ ನೋಡಿ. ಫ್ಲೋರ್ ಮ್ಯಾಟ್ ಕ್ಲಚ್ ಕೆಳಗೆ ಮಡಚಿಕೊಂಡು ಕುಳಿತಿದ್ದಕ್ಕೆ ಟೋಯಿಂಗ್ ಕರೆಸಿದವರನ್ನು ನಾನು ಬಲ್ಲೆ. (ಅವರು ನಮ್ಮ ಭಾವ. ಹೆಸರು ಬರೆಯುವುದಿಲ್ಲ.)

ಕೀ ತಿರುಗುತ್ತಲೇ ಇಲ್ಲವೇ? ಅದು ಸ್ಟೇರಿಂಗ್ ಲಾಕ್. ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲ್ಲಾಡಿಸುತ್ತಾ ಕೀ ತಿರುಗಿಸಿ. ಜೋರು ಮಾಡಿದರೆ ಕೀ ಮುರಿಯುತ್ತದೆ.

ಹಂತ 3: ಬ್ಯಾಟರಿ ಬಗ್ಗೆ ಅನುಮಾನ ಬಿಡಬೇಡಿ

ಸೋತ ಬ್ಯಾಟರಿ ಎಷ್ಟೋ ಸಲ ಇಮೊಬಿಲೈಸರ್ ವೇಷ ಹಾಕಿಕೊಂಡು ಬರುತ್ತದೆ. ಸೆಲ್ಫ್ ಹೊಡೆದ ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಕಂಪ್ಯೂಟರ್‌ಗೆ ತಲೆ ಸುತ್ತುತ್ತದೆ, ಕೀ ಓದುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ದೀಪ ಮಿನುಗುತ್ತದೆ. ದಸರಾ ರಜೆಗೆ ಊರಿಗೆ ಹೋಗಿ ಎರಡು ವಾರ ಬಿಟ್ಟು ಬಂದವರಿಗೆ ಇದು ಜಾಸ್ತಿ.

ಇನ್ನೂರು ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಮನೆಯಲ್ಲಿರಲಿ. ಎಂಜಿನ್ ಆಫ್ ಇದ್ದು ಕೆಲವು ಗಂಟೆ ಸುಮ್ನೆ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.2ಕ್ಕೆ ಬಂದರೆ ಅರ್ಧ ಖಾಲಿ. 12ಕ್ಕಿಂತ ಕಡಿಮೆ ಇದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಬೇರೆ ಮಾತು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಗೆ ವಯಸ್ಸಾಗಿದೆ. ಎಂಜಿನ್ ಓಡುವಾಗ ಸುಮಾರು 13.8ರಿಂದ 14.5 ಇರಬೇಕು. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಬೂಷ್ಟು ಕುಳಿತಿದ್ದರೆ ತೆಗೆದು ಬಿಗಿ ಮಾಡಿ.

ಜಂಪ್ ಸ್ಟಾರ್ಟ್ ಮಾಡುವುದಾದರೆ ಕ್ರಮ ತಪ್ಪಬಾರದು. ಕೆಂಪು ಕೇಬಲ್ ಮೊದಲು ಸೋತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಅದರ ಇನ್ನೊಂದು ತುದಿ ಸೋತ ಕಾರಿನ ಎಂಜಿನ್‌ನ ಬಣ್ಣವಿಲ್ಲದ ಲೋಹದ ಭಾಗಕ್ಕೆ. ಬಿಚ್ಚುವಾಗ ಉಲ್ಟಾ. ಪ್ಲಸ್ ಮೈನಸ್ ಅದಲುಬದಲಾದರೆ ಇಸಿಯು ಸುಟ್ಟೀತು, ಆಗ ಇಮೊಬಿಲೈಸರ್ ತೊಂದರೆ ನಿಜವಾಗಿಯೂ ಬರುತ್ತದೆ. ಬ್ಯಾಟರಿ ಮತ್ತೆ ಜೋಡಿಸಿದಾಗ ಅಲಾರಂ ಕೂಗಬಹುದು. ಕೀ ಕಾರಿನೊಳಗೆ ಬಿಡದೆ ಜೇಬಿನಲ್ಲೇ ಇಟ್ಟುಕೊಂಡಿರಿ.

ಹಂತ 4: ಕೀಯನ್ನೇ ವಿಚಾರಿಸಿ

ಈ ಹಂತದಲ್ಲಿ ನಿಧಾನ ಮಾಡಿ. ಖರ್ಚಿಲ್ಲದೆ ಮುಗಿಯುವ ತೊಂದರೆಗಳು ಇರುವುದು ಇಲ್ಲೇ.

ಕೀಯನ್ನು ಗೊಂಚಲಿನಿಂದ ಬಿಚ್ಚಿ. ಮನೆ ಕೀ, ಸ್ಕೂಟರ್ ಕೀ, ದೇವಸ್ಥಾನದಿಂದ ತಂದ ಹಿತ್ತಾಳೆಯ ದಪ್ಪ ಕೀಚೈನ್, ಎಲ್ಲ ಬೇರೆ ಇಡಿ. ಇನ್ನೊಂದು ಕಾರಿನ ಚಿಪ್ ಕೀ ಅದೇ ಉಂಗುರದಲ್ಲಿದ್ದರೆ ಎರಡೂ ಒಟ್ಟಿಗೆ ಉತ್ತರ ಕೊಟ್ಟು ಕಾಯಿಲ್‌ಗೆ ಗೊಂದಲ ಆಗುತ್ತದೆ. ಮನೆಯಲ್ಲಿ ಎರಡು ಕಾರಿದ್ದವರು ಇದನ್ನು ನೆನಪಿಡಬೇಕು. ಬರೀ ಕೀಯಿಂದ ಒಮ್ಮೆ ಪ್ರಯತ್ನಿಸಿ.

ಆಮೇಲೆ ಎರಡನೇ ಕೀ. ಕಾರು ಕೊಂಡಾಗ ಎರಡು ಕೊಟ್ಟಿದ್ದರು, ಒಂದು ಬೀರುವಿನಲ್ಲಿ ಮಲಗಿದೆ. ಅದರಲ್ಲಿ ಕಾರು ಓಡಿದರೆ ದೋಷ ಮೊದಲ ಕೀಯದು, ಕಾರಿನದಲ್ಲ. ಅದರಲ್ಲೂ ಓಡದಿದ್ದರೆ ದೋಷ ಕಾಯಿಲ್, ವೈರ್ ಅಥವಾ ಕಂಪ್ಯೂಟರ್ ಕಡೆಯದು. ಸ್ಕ್ಯಾನರ್ ಇಲ್ಲದೆ, ಒಂದು ರೂಪಾಯಿ ಖರ್ಚಿಲ್ಲದೆ, ತೊಂದರೆಯ ಜಾಗ ಅರ್ಧಕ್ಕೆ ಇಳಿಯಿತು. ಶಿರಾದಲ್ಲಿ ನನಗೆ ಇದನ್ನು ಮಾಡಲಾಗಲಿಲ್ಲ, ಯಾಕೆಂದರೆ ನನ್ನ ಎರಡನೇ ಕೀ ಬೆಂಗಳೂರಿನ ಬೀರುವಿನಲ್ಲಿತ್ತು.

ರಿಮೋಟ್‌ನ ಗುಂಡು ಬ್ಯಾಟರಿ ಬದಲಿಸಿದರೆ ಸರಿಹೋಗುತ್ತದೆಯೇ ಎಂದು ತುಂಬಾ ಜನ ಕೇಳುತ್ತಾರೆ. ತೂರಿಸಿ ತಿರುಗಿಸುವ ಕೀ ಆದರೆ ಇಲ್ಲ. ಆ ಬ್ಯಾಟರಿ ಬಾಗಿಲು ತೆಗೆಯುವ ರಿಮೋಟ್‌ಗೆ ಮಾತ್ರ, ಚಿಪ್‌ಗೂ ಅದಕ್ಕೂ ಸಂಬಂಧವಿಲ್ಲ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಸ್ಮಾರ್ಟ್ ಕೀ ಆದರೆ ಹೌದು, ಬ್ಯಾಟರಿ ಸೋತರೆ ಕಾರಿಗೆ ಕೀ ಕಾಣುವುದೇ ಇಲ್ಲ. ಅದಕ್ಕೂ ದಾರಿ ಇದೆ. ಫಾಬ್‌ನ, ಅಂದರೆ ಆ ಸ್ಮಾರ್ಟ್ ಕೀಯ, ಒಳಗೆ ಅಡಗಿರುವ ಲೋಹದ ಕೀ ಎಳೆದು ಬಾಗಿಲು ತೆಗೆಯಿರಿ. ಅಲಾರಂ ಕೂಗಿದರೆ ಕೂಗಲಿ, ಕಾರಿಗೆ ಕೀ ಗುರುತು ಸಿಕ್ಕ ಮೇಲೆ ನಿಲ್ಲುತ್ತದೆ. ಬ್ರೇಕ್ ಒತ್ತಿ, ಫಾಬನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಒತ್ತಿ. ತುಂಬಾ ಕಾರುಗಳಲ್ಲಿ ಬಟನ್ ಹಿಂದೆಯೇ ಕಾಯಿಲ್ ಇರುತ್ತದೆ. ಕೆಲವದರಲ್ಲಿ ಫಾಬ್ ಇಡಲು ಬೇರೆ ಗೂಡೇ ಇರುತ್ತದೆ, ಮ್ಯಾನುಯಲ್‌ನಲ್ಲಿ ಚಿತ್ರ ಕೊಟ್ಟಿರುತ್ತಾರೆ.

ಹೊಸ ಬ್ಯಾಟರಿ ಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ. ಹಳೆಯದರ ಬೆನ್ನ ಮೇಲಿನ ನಂಬರನ್ನೇ ಕೇಳಿ. ಸಿಆರ್2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2016 ಅದೇ ಅಗಲ, ಅರ್ಧ ದಪ್ಪ. ಅಂಗಡಿಯವನು "ಇದೂ ಕೂರುತ್ತೆ ಸಾರ್" ಅಂದರೆ ಒಪ್ಪಬೇಡಿ. ಕೂರುತ್ತದೆ, ಆದರೆ ಸಡಿಲವಾಗಿ.

ಇನ್ನೊಂದು ಮುಖ್ಯ ಮಾತು. ಕೀಯ ಪ್ಲಾಸ್ಟಿಕ್ ಒಡೆದಿದೆ ಎಂದು ರಸ್ತೆಬದಿಯಲ್ಲಿ ಹೊಸ ಕೇಸ್ ಹಾಕಿಸಿಕೊಳ್ಳುತ್ತೇವೆ. ಅವನು ಬಟನ್ ಇರುವ ಬೋರ್ಡನ್ನು ನೀಟಾಗಿ ಹೊಸದಕ್ಕೆ ಹಾಕುತ್ತಾನೆ, ಮೂಲೆಯಲ್ಲಿ ಅಂಟಿಕೊಂಡಿದ್ದ ಕಪ್ಪು ಚೂರನ್ನು ಹಳೆಯ ಕೇಸಿನ ಜೊತೆ ಕಸಕ್ಕೆ ಎಸೆಯುತ್ತಾನೆ. ಆ ಚೂರೇ ಚಿಪ್. ಬಾಗಿಲು ತೆಗೆಯುತ್ತದೆ, ಎಂಜಿನ್ ಮಾತ್ರ ಓಡುವುದಿಲ್ಲ. ಕೇಸ್ ಬದಲಿಸಿದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಮತ್ತೆ ಆ ಅಂಗಡಿಗೆ ಓಡಿ, ಕಸದ ಬುಟ್ಟಿ ನೋಡಿ. ತಮಾಷೆಗೆ ಹೇಳುತ್ತಿಲ್ಲ.

ಹಂತ 5: ಸ್ವಲ್ಪ ಸುಮ್ಮನಿರಿ

ಕೀ ತೆಗೆದು, ಎಲ್ಲ ಬಾಗಿಲು ಮುಚ್ಚಿ, ಹತ್ತು ಹದಿನೈದು ನಿಮಿಷ ಬಿಡಿ. ಆಮೇಲೆ ಒಮ್ಮೆ ಮಾತ್ರ ಪ್ರಯತ್ನಿಸಿ. ತಪ್ಪು ಗುರುತು ಪದೇಪದೇ ಬಂದರೆ ಕೆಲವು ಕಾರುಗಳು ಸ್ವಲ್ಪ ಹೊತ್ತು ಪೂರ್ತಿ ಮುಷ್ಕರ ಹೂಡುತ್ತವೆ. ಇಪ್ಪತ್ತು ಸಲ ತಿರುಗಿಸಿದರೆ ಬ್ಯಾಟರಿಯೂ ಹೋಗುತ್ತದೆ.

ಅಮೆರಿಕದಲ್ಲಿರುವ ನಮ್ಮವರಿಗೆ ಇಲ್ಲಿ ಒಂದು ಮಾತು. ಓದಲು ಹೋದ ಮಕ್ಕಳು ಕಡಿಮೆ ಬೆಲೆಗೆ ಹಳೆಯ ಷೆವರ್ಲೆ, ಪಾಂಟಿಯಾಕ್ ಕೊಳ್ಳುತ್ತಾರೆ. 1990ರ ದಶಕದ ಕೊನೆ ಮತ್ತು 2000ದ ದಶಕದ ಅಂಥ ಎಷ್ಟೋ ಕಾರುಗಳಲ್ಲಿ ಪಾಸ್‌ಲಾಕ್ ಎಂಬ ವ್ಯವಸ್ಥೆ ಇದೆ. ಅದರಲ್ಲಿ ಕೀಗೆ ಚಿಪ್ಪೇ ಇಲ್ಲ, ಬೀಗದ ಸಿಲಿಂಡರ್ ತಿರುಗುವುದನ್ನು ಒಂದು ಸೆನ್ಸರ್ ನೋಡುತ್ತದೆ. ಸೆನ್ಸರ್ ಅಥವಾ ಅದರ ವೈರ್ ಸವೆದರೆ ಸೆಕ್ಯುರಿಟಿ ದೀಪ ಹತ್ತಿ ಎಂಜಿನ್ ಆರುತ್ತದೆ. ಅದಕ್ಕೆ ಹೆಸರಾದ ಉಪಾಯ ಇದು. ಸ್ಟಾರ್ಟ್ ಮಾಡಲು ಒಮ್ಮೆ ಪ್ರಯತ್ನಿಸಿ, ಎಂಜಿನ್ ಆರಿದ ಮೇಲೆ ಕೀಯನ್ನು ಆನ್ ಸ್ಥಿತಿಯಲ್ಲೇ ಬಿಡಿ. ಸುಮಾರು 10 ನಿಮಿಷಕ್ಕೆ ದೀಪ ಮಿನುಗುವುದು ನಿಲ್ಲುತ್ತದೆ. ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಸ್ಟಾರ್ಟ್ ಮಾಡಿ. ಪಾರ್ಟ್ ಬದಲಿಸಿದ ಮೇಲಾದರೆ ಇದನ್ನೇ ಮೂರು ಸಲ, ಒಟ್ಟು ಅರ್ಧ ಗಂಟೆ ಮಾಡಬೇಕು. ಬ್ಯಾಟರಿ ಗಟ್ಟಿ ಇರಬೇಕು. ಇದು ಆ ಕಾರುಗಳಿಗೆ ಮಾತ್ರ. ನಮ್ಮ ಊರಿನ ಚಿಪ್ ಕೀ ಕಾರಿನಲ್ಲಿ ಅರ್ಧ ಗಂಟೆ ಕೀ ಆನ್ ಇಟ್ಟು ಕುಳಿತರೆ ಬ್ಯಾಟರಿ ಖಾಲಿಯಾಗುತ್ತದೆ, ಅಷ್ಟೇ ಲಾಭ.

ಮಧ್ಯರಾತ್ರಿ ಅಲಾರಂ ಕೂಗಿದರೆ

ಇದು ಬೇರೆ ಕಾಯಿಲೆ. ಎಂಜಿನ್ ಸರಿ ಇದೆ, ಆದರೆ ರಾತ್ರಿ ಎರಡಕ್ಕೆ ಕಾರು ಕೂಗಿ ಇಡೀ ಅಪಾರ್ಟ್‌ಮೆಂಟ್ ಎಬ್ಬಿಸುತ್ತದೆ. ಬೆಳಿಗ್ಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿಮ್ಮ ಗಾಡಿ ನಂಬರ್ ಬಂದಿರುತ್ತದೆ.

ಮೊದಲ ಅನುಮಾನ ಬಾನೆಟ್ ಬೀಗದ ಹತ್ತಿರ ಇರುವ ಸ್ವಿಚ್ ಮೇಲೆ. ಮಳೆ, ಧೂಳು, ವಾಟರ್ ಸರ್ವಿಸ್ ನೀರು ಎಲ್ಲವೂ ಅದಕ್ಕೇ ಬೀಳುತ್ತದೆ. ಸ್ವಲ್ಪ ತುಕ್ಕು ಹಿಡಿದರೂ "ಬಾನೆಟ್ ತೆಗೆದರು" ಎಂದು ಸುಳ್ಳು ಹೇಳುತ್ತದೆ. ಚೆನ್ನಾಗಿ ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಬಾನೆಟ್ ಗಟ್ಟಿಯಾಗಿ ಮುಚ್ಚಿ ನೋಡಿ. ಎರಡನೆಯದು ಬಾಗಿಲುಗಳು. ಒಂದೊಂದಾಗಿ ತೆಗೆದು ಮುಚ್ಚುತ್ತಾ ಬಾಗಿಲು ತೆರೆದಿರುವ ದೀಪ ಸರಿಯಾಗಿ ಹತ್ತಿ ಆರುತ್ತದೆಯೇ ನೋಡಿ. ಯಾವುದಕ್ಕೆ ತಡವರಿಸುತ್ತದೋ ಅದೇ ಕಳ್ಳ. ಡಿಕ್ಕಿಯನ್ನು ಮರೆಯಬೇಡಿ. ಕೆಲವು ದುಬಾರಿ ಕಾರುಗಳಲ್ಲಿ ಒಳಗಿನ ಅಲುಗಾಟ ನೋಡುವ ಸೆನ್ಸರ್ ಇರುತ್ತದೆ. ಗಾಜು ಒಂದು ಇಂಚು ಇಳಿದಿದ್ದರೆ ಅಥವಾ ಕನ್ನಡಿಗೆ ನೇತುಹಾಕಿದ ಗೊಂಬೆ ತೂಗಿದರೆ ಅದು ಕೂಗಬಹುದು. ದೀಪಾವಳಿ ಪಟಾಕಿಗೆ ಕೂಗುವುದು ಬಹಳ ಸಲ ಹೊರಗಡೆ ಹಾಕಿಸಿದ ಅಲಾರಂ. ಅದರ ಸೂಕ್ಷ್ಮತೆ ಕಡಿಮೆ ಮಾಡಿಸಬಹುದು.

ಆಮೇಲೆ ಇಲಿ. ಬೆಂಗಳೂರಿನ ಬೇಸ್‌ಮೆಂಟ್ ಆಗಲಿ, ಮಲೆನಾಡಿನ ಕೊಟ್ಟಿಗೆ ಪಕ್ಕದ ಶೆಡ್ ಆಗಲಿ, ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಅವಕ್ಕೆ ಮನೆ. ಬಾನೆಟ್ ಎತ್ತಿ ಟಾರ್ಚ್ ಹಾಕಿ. ಹಿಕ್ಕೆ, ಕಡಲೆ ಸಿಪ್ಪೆ, ಕಚ್ಚಿದ ವೈರ್ ಕಂಡರೆ ಬೇರೆ ಕಾರಣ ಹುಡುಕುವ ಕೆಲಸ ಉಳಿಯಿತು.

ಹಂತ 6: ಫ್ಯೂಸ್, ವೈರ್, ಮತ್ತು ಹೊರಗೆ ಹಾಕಿಸಿದ ಸಾಮಾನು

ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಮೈಯಲ್ಲಿ ಅಥವಾ ಮ್ಯಾನುಯಲ್‌ನಲ್ಲಿ ಪಟ್ಟಿ ಇರುತ್ತದೆ. ಇಮೊಬಿಲೈಸರ್, ಇಸಿಯು, ಮೀಟರ್ ಎಂದಿರುವ ಫ್ಯೂಸ್ ತೆಗೆದು ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನ ಹೊಸದು ಹಾಕಿ. ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಇದೆ, ಅಲ್ಲಿಗೆ ನಿಲ್ಲಿಸಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕುವ ಸಾಹಸ ಬೇಡ.

ಇನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ: ಇತ್ತೀಚೆಗೆ ಕಾರಿಗೆ ಏನು ಹಾಕಿಸಿದಿರಿ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಸ್ಟೀರಿಯೊ, ರಿವರ್ಸ್ ಕ್ಯಾಮೆರಾ, ಜಿಪಿಎಸ್ ಟ್ರ್ಯಾಕರ್ ಎಲ್ಲ ಒಂದೇ ಮಧ್ಯಾಹ್ನದಲ್ಲಿ ಹಾಕಿಸಿಕೊಂಡು ಬರಬಹುದು. ಒಳ್ಳೆಯ ಕೈಗಳೂ ಅಲ್ಲಿವೆ. ಆದರೆ ವೈರ್ ಕತ್ತರಿಸಿ ಟೇಪ್ ಸುತ್ತಿದ ಜೋಡಣೆ ಆರು ತಿಂಗಳಿಗೆ ಸಡಿಲವಾಗುತ್ತದೆ. ಟ್ರ್ಯಾಕರ್ ಜೊತೆ ಎಂಜಿನ್ ನಿಲ್ಲಿಸುವ ರಿಲೇ ಹಾಕಿದ್ದರಂತೂ ಅದು ಕೆಟ್ಟಾಗ ಥೇಟ್ ಇಮೊಬಿಲೈಸರ್ ತೊಂದರೆಯಂತೆಯೇ ಕಾಣುತ್ತದೆ. ಹಳದಿ ಬೋರ್ಡ್ ಗಾಡಿಯವರು ಮೊದಲು ಇದನ್ನೇ ನೋಡಬೇಕು.

ನನ್ನ ಕಥೆಯೂ ಇದೇ. ಟೋಯಿಂಗ್ ಮಾಡಿಸಿಕೊಂಡು ಹೋದ ಸರ್ವಿಸ್ ಸೆಂಟರ್‌ನಲ್ಲಿ "ಇಸಿಯು ಬದಲಿಸಬೇಕು" ಎಂದು ಕೈಗೆ ಕೊಟ್ಟ ಎಸ್ಟಿಮೇಟ್ ನೋಡಿ ಕುಳಿತುಬಿಟ್ಟೆ. ಬೇರೆಯವರಿಗೂ ತೋರಿಸೋಣ ಎಂದು ತುಮಕೂರಿನ ಒಬ್ಬ ಹಳೆಯ ಆಟೊ ಎಲೆಕ್ಟ್ರಿಷಿಯನ್ ಅವರನ್ನು ಕರೆದುಕೊಂಡು ಬಂದೆ. ಅವರು ಕೇಳಿದ ಮೊದಲ ಪ್ರಶ್ನೆ, "ಸ್ಟೀರಿಯೊ ಯಾವಾಗ ಹಾಕಿಸಿದ್ರಿ?" ಹದಿನೈದು ದಿನದ ಹಿಂದೆ. ಸ್ಟೇರಿಂಗ್ ಕೆಳಗಿನ ಕವರ್ ಬಿಚ್ಚಿ, ಕಾಯಿಲ್‌ನ ಪುಟ್ಟ ಕನೆಕ್ಟರ್ ತೋರಿಸಿದರು. ಅರ್ಧ ಹೊರಗೆ ಬಂದಿತ್ತು. ಹೆಬ್ಬೆರಳಿಂದ ಒತ್ತಿದರು, ಟಕ್ ಎಂದಿತು. ಕೀ ತಿರುಗಿಸಿದೆ, ದೀಪ ಆರಿತು.

ಆ ಕವರ್ ನೀವೇ ಬಿಚ್ಚಬೇಡಿ ಎಂದೇ ಹೇಳುತ್ತೇನೆ. ಅದೇ ಜಾಗದಲ್ಲಿ ಏರ್‌ಬ್ಯಾಗ್‌ನ ಹಳದಿ ವೈರ್ ಕೂಡ ಹಾದುಹೋಗಿರುತ್ತದೆ.

ಹಂತ 7: ಸ್ಕ್ಯಾನರ್ ಹಾಕಿಸಿ, ಕೋಡ್ ಬರೆದುಕೊಳ್ಳಿ

ಇಲ್ಲಿಯವರೆಗೂ ಬಗೆಹರಿಯದಿದ್ದರೆ ತಿಳಿದವರ ಕೈಗೆ ಕೊಡಬೇಕು. ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ವಿಮೆಯ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಸಹಾಯವಾಣಿ ಇದೆ. ಹಗ್ಗ ಕಟ್ಟಿ ಎಳೆಸುವುದಕ್ಕಿಂತ ಕಾರನ್ನು ಪೂರ್ತಿ ಲಾರಿಯ ಮೇಲೆ ಏರಿಸುವುದು ಒಳ್ಳೆಯದು, ಆಟೊಮ್ಯಾಟಿಕ್ ಆದರೆ ಅದೇ ಸರಿ.

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಡಾಂಗಲ್ ಎಂಜಿನ್ ದೋಷದ ಕೋಡ್ ಓದುತ್ತದೆ, ಇಮೊಬಿಲೈಸರ್ ಮಾಡ್ಯೂಲ್‌ನ (ಕೀ ಗುರುತು ನೋಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ) ಒಳಗೆ ನೋಡುವುದು ಅಪರೂಪ. ಕಂಪನಿಯ ಸ್ಕ್ಯಾನರ್ ಅಥವಾ ಅದಕ್ಕೆ ಸಮನಾದದ್ದು ಬೇಕು. ಅದು ತೋರಿಸುವ ಪರದೆಯ ಫೋಟೊ ಕೇಳಿ, ಕೊಡಲು ಹಿಂಜರಿದರೆ ಅನುಮಾನ ಪಡಿ. ಪಿ0513 ಬಂದರೆ ಕೀ ಗುರುತು ತಪ್ಪಾಗಿದೆ. ಪಿ0633 ಬಂದರೆ ಈ ಇಸಿಯುಗೆ ಕೀಯನ್ನು ಪರಿಚಯಿಸಿಯೇ ಇಲ್ಲ. ಯು0167 ಬಂದರೆ ಇಮೊಬಿಲೈಸರ್ ಮಾಡ್ಯೂಲ್‌ನ ಜೊತೆ ಮಾತು ನಿಂತಿದೆ, ಅಂದರೆ ವೈರ್, ಫ್ಯೂಸ್ ಅಥವಾ ಮಾಡ್ಯೂಲ್. ಕಂಪನಿಗಳಿಗೆ ಅವರವರದೇ ಕೋಡ್‌ಗಳೂ ಇವೆ.

ದುರಸ್ತಿಗೆ ಒಂದು ಕ್ರಮ ಇದೆ: ಕೀ, ಕಾಯಿಲ್, ವೈರ್, ಮಾಡ್ಯೂಲ್, ಕಟ್ಟಕಡೆಗೆ ಇಸಿಯು. ಅಗ್ಗದಿಂದ ದುಬಾರಿಗೆ. ಯಾರಾದರೂ ಕೊನೆಯಿಂದ ಶುರು ಮಾಡಿದರೆ "ಕಾಯಿಲ್ ಪರೀಕ್ಷೆ ಮಾಡಿದಿರಾ? ಎರಡನೇ ಕೀಯಲ್ಲಿ ನೋಡಿದಿರಾ?" ಎಂದು ಕೇಳಿ. ಗುಜರಿಯಿಂದ ಹಳೆಯ ಇಸಿಯು ತಂದು ಹಾಕಿದರೆ ಸಾಕು ಎನ್ನುವವರೂ ಇದ್ದಾರೆ. ಆ ಇಸಿಯು ಬೇರೆ ಕಾರಿನ ಕೀಗಳನ್ನು ನೆನಪಿಟ್ಟುಕೊಂಡಿರುತ್ತದೆ, ನಿಮ್ಮ ಕೀಗೆ ಬಾಗಿಲು ತೆಗೆಯುವುದಿಲ್ಲ.

ಕೀ ಪ್ರೋಗ್ರಾಂ ಮಾಡಿಸುವಾಗ

ಆರ್‌ಸಿ, ನಿಮ್ಮ ಗುರುತಿನ ಚೀಟಿ, ಮತ್ತು ಇರುವ ಎಲ್ಲ ಕೀಗಳನ್ನೂ ತೆಗೆದುಕೊಂಡು ಹೋಗಿ. ಎಲ್ಲ ಎಂದರೆ ಎಲ್ಲ. ಎಷ್ಟೋ ಕಾರುಗಳಲ್ಲಿ ಹೊಸ ಕೀ ಸೇರಿಸುವಾಗ ಹಳೆಯ ಪಟ್ಟಿ ಅಳಿಸಿಹೋಗುತ್ತದೆ. ಆ ಹೊತ್ತಿಗೆ ಎದುರಿಗಿಲ್ಲದ ಕೀ ಆಮೇಲೆ ಬರೀ ಲೋಹದ ತುಂಡು. ಕಾರು ಕೊಂಡಾಗ ಕೀ ಜೊತೆ ನಂಬರ್ ಇರುವ ಚಿಕ್ಕ ಬಿಲ್ಲೆ ಅಥವಾ ಕಾರ್ಡ್ ಕೊಟ್ಟಿದ್ದರೆ ಕೆಲಸ ಸುಲಭ. ಅದನ್ನು ಕಾರಿನಲ್ಲೇ ಇಡಬೇಡಿ.

ಕೀ ಕಳೆದಿದ್ದರೆ ಶೋರೂಮ್‌ನವರು ಪೊಲೀಸ್ ದೂರಿನ ಪ್ರತಿ ಕೇಳಬಹುದು. ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೇವೆಯಲ್ಲಿ ಮೊಬೈಲಿನಿಂದಲೇ ದಾಖಲಿಸಬಹುದು. ಹೊಸ ಕೀ ಮಾಡಿಸುವಾಗ ಕಳೆದುಹೋದ ಕೀಯನ್ನು ಪಟ್ಟಿಯಿಂದ ಅಳಿಸಲು ಹೇಳಿ. ಅದು ಯಾರ ಕೈ ಸೇರಿದೆಯೋ ಯಾರಿಗೆ ಗೊತ್ತು?

ರಸ್ತೆಬದಿಯ ಕೀ ಮಾಡುವವರಲ್ಲಿ ಕೆಲವರು ನಿಜಕ್ಕೂ ನಿಪುಣರು, ಶೋರೂಮ್‌ಗಿಂತ ಕಡಿಮೆಗೆ ಮಾಡುತ್ತಾರೆ. ನನ್ನ ಅಭಿಪ್ರಾಯ ಹೇಳುವುದಾದರೆ, ವಾರಂಟಿ ಮುಗಿದ ಹಳೆಯ ಕಾರಿಗೆ, ಸ್ಥಿರವಾದ ಅಂಗಡಿ ಇಟ್ಟುಕೊಂಡು ಆರ್‌ಸಿ ನೋಡಿಯೇ ಕೆಲಸ ಹಿಡಿಯುವವರಾದರೆ ಸರಿ. ಆರ್‌ಸಿ ಕೇಳದೆ ಕೀ ಮಾಡಿಕೊಡುವವನು ನಾಳೆ ನಿಮ್ಮ ಕಾರಿಗೂ ಬೇರೆ ಯಾರಿಗೋ ಕೀ ಮಾಡಿಕೊಡುತ್ತಾನೆ.

"ಇಮೊ ಆಫ್ ಮಾಡಿಕೊಡ್ತೀನಿ ಸಾರ್"

ಈ ಮಾತು ಎಲ್ಲಾದರೂ ಒಂದು ಕಡೆ ಕೇಳಿಯೇ ಕೇಳುತ್ತೀರಿ. ಆ ತಲೆನೋವೇ ಬೇಡ, ಪೂರ್ತಿ ತೆಗೆದುಬಿಡೋಣ ಎಂದು. ಬೇಡ ಎನ್ನಿ. ತೊಂದರೆ ಇರುವುದು ಕಾಯಿಲ್‌ನ ವೈರಿನಲ್ಲಿ, ಅದಕ್ಕಾಗಿ ಕಾವಲುಗಾರನನ್ನೇ ಕೆಲಸದಿಂದ ತೆಗೆಯುವುದೇ? ಅಮೆರಿಕದಲ್ಲಿ ಹ್ಯುಂಡೈ, ಕಿಯಾ ಸುಮಾರು ಹತ್ತು ವರ್ಷ ಎಷ್ಟೋ ಮಾಡೆಲ್‌ಗಳನ್ನು ಇಮೊಬಿಲೈಸರ್ ಇಲ್ಲದೆ ಮಾರಿದ್ದವು. ಅದು ಗೊತ್ತಾದ ಮೇಲೆ ಹದಿಹರೆಯದ ಹುಡುಗರೂ ಆ ಕಾರುಗಳನ್ನು ಕದ್ದು ಓಡಿಸತೊಡಗಿದರು. 2022ರ ಹೊತ್ತಿಗೆ ಊರೂರಲ್ಲಿ ಅದೇ ಸುದ್ದಿ. ಇದೊಂದು ಪುಟ್ಟ ಚಿಪ್ ಎಷ್ಟು ಕೆಲಸ ಮಾಡುತ್ತಿತ್ತು ಎನ್ನುವುದು ಅದಿಲ್ಲದಾಗ ತಿಳಿಯಿತು.

ಅದೂ ಅಲ್ಲದೆ ಮುಂದೆ ಕಾರು ಕಳುವಾದರೆ, ಕಂಪನಿಯ ಕಾವಲನ್ನು ನಾವೇ ತೆಗೆಸಿದ್ದೆವು ಎಂದು ವಿಮೆಯವರಿಗೆ ಹೇಳಬೇಕಾದೀತು.

ದುಡ್ಡು ಯಾರದು?

ವಾರಂಟಿ ಇದ್ದರೆ ಕಾಯಿಲ್, ಮಾಡ್ಯೂಲ್, ಇಸಿಯು ದೋಷವನ್ನು ಕಂಪನಿಯೇ ನೋಡಬೇಕು. ಆದರೆ ವೈರ್ ಕತ್ತರಿಸಿ ಹೊರಗಿನ ಸಾಮಾನು ಹಾಕಿಸಿದ್ದರೆ ಅದನ್ನೇ ನೆಪ ಮಾಡಬಹುದು. ಸಾಧಾರಣ ಮೋಟಾರು ವಿಮೆಯಲ್ಲಿ ತಾನಾಗಿಯೇ ಬಂದ ಎಲೆಕ್ಟ್ರಿಕಲ್ ದೋಷಕ್ಕೆ ಹಣ ಸಿಗುವುದಿಲ್ಲ. ಕೀ ಬದಲಾವಣೆಯ ಆ್ಯಡ್-ಆನ್ ಬೇರೆ ಸಿಗುತ್ತದೆ. ಸ್ಮಾರ್ಟ್ ಕೀ ಇರುವವರು ಮುಂದಿನ ರಿನ್ಯೂವಲ್‌ನಲ್ಲಿ ಅದರ ಬೆಲೆ ಕೇಳಿ ನೋಡಿ. ಕಾರು ಕಳುವಾದಾಗ ವಿಮೆಯವರು ಎರಡೂ ಕೀ ಒಪ್ಪಿಸಲು ಹೇಳುತ್ತಾರೆ. ಎರಡನೆಯದು ಎಲ್ಲಿದೆ ಎಂದು ಅವತ್ತು ಹುಡುಕುವ ಹಾಗಾಗಬಾರದು.

ನಿಮ್ಮ ಮಾಡೆಲ್‌ಗೆ ಈ ವಿಷಯದಲ್ಲಿ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರು ವಾಪಸ್ ಕರೆಯುವುದು) ಇದೆಯೇ ಎಂದು ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿ ನೋಡಬಹುದು. ವಾರಂಟಿಯೊಳಗೆ ಮೂರು ನಾಲ್ಕು ಸಲ ಅದೇ ತೊಂದರೆ ಬಂದರೆ ಪ್ರತಿ ಸಲವೂ ಜಾಬ್ ಕಾರ್ಡ್ ಮಾಡಿಸಿ, "ಸ್ಟಾರ್ಟ್ ಆಗಿ ಆರುತ್ತದೆ, ಕೀ ದೀಪ ಮಿನುಗುತ್ತದೆ" ಎಂದು ನಿಮ್ಮ ಮಾತಿನಲ್ಲೇ ಬರೆಸಿ. ಬಾಯಿಮಾತಿಗೆ ಬೆಲೆ ಇಲ್ಲ. ಆಮೇಲೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದರ ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಅಲ್ಲಿ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ, 50 ಲಕ್ಷದವರೆಗಿನವನ್ನು ಅಲ್ಲೇ ಕೇಳುತ್ತಾರೆ. ತೊಂದರೆ ಎದ್ದ ದಿನದಿಂದ 2 ವರ್ಷದೊಳಗೆ ಹೋಗಬೇಕು.

ರಿಪೇರಿ ಆದ ಮೇಲೆ

ಬಿಲ್ ಕೊಡುವ ಮುಂಚೆ ಎರಡೂ ಕೀಗಳಿಂದ ಹತ್ತು ಹತ್ತು ಸಲ ಸ್ಟಾರ್ಟ್ ಮಾಡಿ ನೋಡಿ. ಎಂಜಿನ್ ಬಿಸಿಯಾದ ಮೇಲೂ ನೋಡಿ, ಯಾಕೆಂದರೆ ಸಡಿಲ ಕನೆಕ್ಟರ್ ತಣ್ಣಗಿರುವಾಗ ಸುಮ್ಮನಿದ್ದು ಬಿಸಿಗೆ ಬಾಯಿ ತೆರೆಯುತ್ತದೆ. ಸ್ಟೇರಿಂಗನ್ನು ಪೂರ್ತಿ ಮೇಲೆ ಕೆಳಗೆ ಮಾಡಿ ಮತ್ತೊಮ್ಮೆ ಕೀ ತಿರುಗಿಸಿ. ಬದಲಿಸಿದ ಪಾರ್ಟ್‌ ವಾರಂಟಿಯದ್ದಲ್ಲದಿದ್ದರೆ ಹಳೆಯದನ್ನು ಕೇಳಿ ಪಡೆಯಿರಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರೂ ಹೀಗೆಯೇ ಎರಡೂ ಕೀ ಕೇಳಿ, ಎರಡರಿಂದಲೂ ಸ್ಟಾರ್ಟ್ ಮಾಡಿ ನೋಡಬೇಕು. "ಒಂದೇ ಕೀ ಇರೋದು" ಎಂದರೆ ಇನ್ನೊಂದನ್ನು ಮಾಡಿಸುವ ಖರ್ಚನ್ನು ಬೆಲೆಯಲ್ಲೇ ಕಡಿಯಿರಿ.

ನಮ್ಮ ಮನೆಯ ಎರಡನೇ ಕೀ ಈಗ ಬೀರುವಿನಲ್ಲಿಲ್ಲ, ಹೆಂಡತಿಯ ಬ್ಯಾಗಿನಲ್ಲಿದೆ. ಭಾನುವಾರ ಮಾರುಕಟ್ಟೆಗೆ ಹೋಗುವಾಗ ಅವಳು ಅದರಿಂದಲೇ ಸ್ಟಾರ್ಟ್ ಮಾಡುತ್ತಾಳೆ, ನಾನು ಪಕ್ಕದಲ್ಲಿ ಕುಳಿತು ದೀಪ ಆರಿತೇ ಎಂದು ನೋಡುತ್ತೇನೆ.